ಕೌದಿಗೆ ಹೊಲಿಗೆ ಇರ್ತದ್ರಿ, ವಿಮಾನಕ್ಕ?

ಹೋದ ತಿಂಗಳು ಇದೇ ಅಂಕಣದಲ್ಲಿ ಕರೆಂಟಿನ ಏರ್ ಟ್ಯಾಕ್ಸಿ, ಅಂದರೆ ಊರಿಂದ ಊರಿಗೆ ಜನರನ್ನು ಒಯ್ಯುವ ಬ್ಯಾಟರಿಯ ಪುಟ್ಟ ವಿಮಾನದ ಬಗ್ಗೆ ನಾಲ್ಕು ಸಾಲು ಬರೆದಿದ್ದೆ. ಅದರ ಮೈ ನಮ್ಮ ಕಡೆಯ ಕೌದಿ ಇದ್ದ ಹಾಗೆ, ಕಾರ್ಬನ್ ನೂಲಿನ ಬಟ್ಟೆ ಪದರದ ಮೇಲೆ ಪದರ ಅಂತ ಒಂದು ಮಾತು ಸೇರಿಸಿದ್ದೆ. ಆ ಒಂದು ಮಾತಿಗೆ ಇಷ್ಟು ಪತ್ರ ಬರುತ್ತವೆ ಅಂದುಕೊಂಡಿರಲಿಲ್ಲ. ಹಾಗಾಗಿ ಈ ಸಲ ಪಂಪ್‌ಸೆಟ್, ಇನ್ವರ್ಟರ್ ಪ್ರಶ್ನೆಗಳನ್ನೆಲ್ಲ ಬದಿಗಿಟ್ಟಿದ್ದೇನೆ. ಕೇಳಿದವರು ಬೇಜಾರಾಗಬೇಡಿ.

ಹೊಸ ಓದುಗರಿಗೆ ಒಂದು ಮಾತು. ನಾನು ಬೀದರಿನವನು. ಬೆಂಗಳೂರಿನ ಒಂದು ಕಾರ್ಖಾನೆಯಲ್ಲಿ, ನೂಲಿಗೆ ರಾಳ ಹಿಡಿಸಿ ಭಾಗ ಮಾಡುವ ಕಾಂಪೋಸಿಟ್ ಶಾಪಿನಲ್ಲಿ 31 ವರ್ಷ ಕೆಲಸ ಮಾಡಿ, ಸೂಪರ್‌ವೈಸರ್ ಆಗಿ ನಿವೃತ್ತನಾಗಿ ಊರಿಗೆ ಬಂದೆ. ಎಂಜಿನಿಯರ್ ಅಲ್ಲ. ಕೈಯಿಂದ ಮಾಡಿದ್ದನ್ನು, ಕಣ್ಣಿಂದ ನೋಡಿದ್ದನ್ನು ಹೇಳುತ್ತೇನೆ.

ಅಲ್ಯೂಮಿನಿಯಂ ಹಗುರ ಅಂತ ಶಾಲೆಯಲ್ಲಿ ಓದಿದ್ದೇವೆ. ನಮ್ಮೂರ ಮೇಲೆ ದಿನಾ ಹಾರುವ ಹಾಕ್ ವಿಮಾನಗಳೂ ಅದರದ್ದೇ ಅಂತೆ. ಏರ್ ಟ್ಯಾಕ್ಸಿಗೆ ಮಾತ್ರ ಅದು ಯಾಕೆ ಸಾಲದು?
— ಪದವಿ ವಿದ್ಯಾರ್ಥಿನಿ, ಬೀದರ್

ಹಾಕ್ ಬಗ್ಗೆ ಕೇಳಿದ್ದು ಸರಿಯಾಗಿದೆ ಮಗಳೇ. ಅದರ ಮೈ ಬಹುಪಾಲು ಅಲ್ಯೂಮಿನಿಯಂ ಮಿಶ್ರಲೋಹ. ಆದರೆ ವಾಯುಪಡೆಯ ಸೂರ್ಯಕಿರಣ ತಂಡದವರು ನಮ್ಮ ಮಾಳಿಗೆ ಮೇಲೆ ಹೊಗೆ ಬಿಡುತ್ತ ತಿರುಗುವಾಗ ಅವರ ಟ್ಯಾಂಕಿನಲ್ಲಿ ಇರುವುದು ಸೀಮೆಎಣ್ಣೆ ಜಾತಿಯ ಇಂಧನ. ಅದರ ಒಂದು ಕಿಲೋದಲ್ಲಿ ಸುಮಾರು 12,000 ವಾಟ್-ಗಂಟೆ ಶಕ್ತಿ ಇರುತ್ತದೆ. ಈಗಿನ ಒಳ್ಳೆಯ ಲಿಥಿಯಂ ಸೆಲ್ಲಿನ ಒಂದು ಕಿಲೋದಲ್ಲಿ 250, ಹೆಚ್ಚೆಂದರೆ 300. ಜೆಟ್ ಎಂಜಿನ್‌ಗಿಂತ ಕರೆಂಟ್ ಮೋಟರು ಶಕ್ತಿಯನ್ನು ಚೆನ್ನಾಗಿ ಬಳಸುತ್ತದೆ, ನಿಜ. ಆ ರಿಯಾಯಿತಿ ಕೊಟ್ಟರೂ ಅಂತರ ತುಂಬುವುದಿಲ್ಲ.

ಇನ್ನೊಂದು ತೊಂದರೆಯಿದೆ. ಎತ್ತಿನ ಗಾಡಿಯಲ್ಲಿ ಮೇವು ಹೇರಿಕೊಂಡು ಜಾತ್ರೆಗೆ ಹೊರಟರೆ ಎತ್ತು ತಿಂದಷ್ಟೂ ಗಾಡಿ ಹಗುರವಾಗುತ್ತದೆ. ಇಂಧನದ ವಿಮಾನವೂ ಹಾಗೇ. ಬ್ಯಾಟರಿ ಹಾಗಲ್ಲ. ಪೂರ್ತಿ ಖಾಲಿಯಾದರೂ ಅದರ ತೂಕ ಹಾಗೇ ಇರುತ್ತದೆ, ಇಳಿಯುವ ತನಕ ಹೊತ್ತುಕೊಂಡೇ ಇರಬೇಕು. ಮೇಲಾಗಿ ಏರ್ ಟ್ಯಾಕ್ಸಿ ರನ್‌ವೇ ಮೇಲೆ ಓಡಿ ಏಳುವುದಿಲ್ಲ, ನಿಂತಲ್ಲಿಂದಲೇ ನೇರ ಏಳಬೇಕು. ಆಗ ರೆಕ್ಕೆಯ ಸಹಾಯ ಸಿಗುವುದಿಲ್ಲ. ಅಷ್ಟೂ ಭಾರ ಮೋಟರುಗಳ ಮೇಲೇ. ಬ್ಯಾಟರಿಯ ತೂಕ ಕಮ್ಮಿ ಮಾಡೋಕೆ ಆಗದಿದ್ದಾಗ ಉಳಿಯುವುದು ಮೈ ಒಂದೇ, ಅಲ್ವಾ?

ಒಂದು ಘನ ಸೆಂಟಿಮೀಟರ್ ಉಕ್ಕು 7.8 ಗ್ರಾಂ ತೂಗುತ್ತದೆ. ಅಲ್ಯೂಮಿನಿಯಂ ಸುಮಾರು 2.7. ಕಾರ್ಬನ್ ಕಾಂಪೋಸಿಟ್ ಸುಮಾರು 1.6. ಈ ಕಾರ್ಬನ್ ನೂಲು ಶುರುವಾಗುವುದು ಸ್ವೆಟರ್ ಹೆಣೆಯುವ ಅಕ್ರಿಲಿಕ್ ಇದೆಯಲ್ಲ, ಅದರ ಹತ್ತಿರದ ನೆಂಟನಾದ ಒಂದು ಬಿಳಿ ನೂಲಿನಿಂದ. ಅದನ್ನು ಮೊದಲು 200ರಿಂದ 300 ಡಿಗ್ರಿ ಬಿಸಿಗಾಳಿಯಲ್ಲಿ ಹಾಯಿಸುತ್ತಾರೆ. ಆಮೇಲೆ ಆಮ್ಲಜನಕವೇ ಇಲ್ಲದ ಕುಲುಮೆಯಲ್ಲಿ 1,000 ಡಿಗ್ರಿ ದಾಟಿಸುತ್ತಾರೆ. ಅಷ್ಟರಲ್ಲಿ ಅರ್ಧ ತೂಕ ಹೋಗಿಬಿಟ್ಟಿರುತ್ತದೆ. ಉಳಿದಿದ್ದು ಕಪ್ಪಗೆ, ಕೂದಲಿನ ಹತ್ತರಲ್ಲಿ ಒಂದು ಪಾಲು ದಪ್ಪ. ಅಂಥ 12,000 ಎಳೆ ಸೇರಿ ಒಂದು ಲಡಿ. ಅದಕ್ಕೆ ಎಪಾಕ್ಸಿ ಎಂಬ ಅಂಟಿನಂಥ ರಾಳ ಹಿಡಿಸಿದರೆ ಕಾಂಪೋಸಿಟ್. ಹಳೆ ಮನೆ ಗೋಡೆಗೆ ಮಣ್ಣಲ್ಲಿ ಹುಲ್ಲು ಕಲಸುತ್ತಿದ್ದರಲ್ಲ, ಲೆಕ್ಕ ಅದೇ.

ಇದು ಹೊಸ ವಿದ್ಯೆಯೂ ಅಲ್ಲ. ಬೋಯಿಂಗ್ 787ರ ತೂಕದಲ್ಲಿ ಅರ್ಧ ಕಾಂಪೋಸಿಟ್. 2001ರಲ್ಲಿ ಮೊದಲು ಹಾರಿದ ನಮ್ಮ ತೇಜಸ್‌ನ ಮೈಯಲ್ಲಿ ನೂರಕ್ಕೆ ಸುಮಾರು 45 ಭಾಗ. ಮಾಡುವುದು ಹೇಗೆ ಅಂತ ಎಲ್ಲರಿಗೂ ಗೊತ್ತು. ಕಷ್ಟ ಬೇರೆ ಕಡೆ ಇದೆ. ಅದನ್ನು ಹುಮನಾಬಾದಿನವರು ಕೆಳಗೆ ಕೇಳಿದ್ದಾರೆ.

ಕಲಬುರಗಿಯಿಂದ ಬೀದರಿಗೆ ಏರ್ ಟ್ಯಾಕ್ಸಿ ಯಾವಾಗ?
— ಓದುಗ, ಕಮಲಾಪುರ

2021ರಲ್ಲಿ ಅಮೆರಿಕದ ಜೋಬಿ ಕಂಪನಿಯ ಪರೀಕ್ಷಾ ವಿಮಾನ ಒಂದೇ ಚಾರ್ಜಿನಲ್ಲಿ ಸುಮಾರು 248 ಕಿಲೋಮೀಟರ್ ಹಾರಿತ್ತು. ಒಳಗೆ ಯಾರೂ ಇರಲಿಲ್ಲ, ನಡೆಸಿದ್ದು ನೆಲದಿಂದ. ನಮ್ಮ ಎರಡು ಊರುಗಳ ನಡುವಿನ ದೂರ ಅದರ ಅರ್ಧವೂ ಇಲ್ಲ. ಆದ್ದರಿಂದ ಕಾಗದದ ಮೇಲೆ ಆಗುತ್ತದೆ. ಆದರೆ ಜರ್ಮನಿಯ ಏರ್ ಟ್ಯಾಕ್ಸಿ ಕಂಪನಿಗಳಾದ ಲಿಲಿಯಂ, ವೋಲೋಕಾಪ್ಟರ್ ಎರಡೂ 2024ರ ಕೊನೆಯಲ್ಲಿ ದುಡ್ಡು ಮುಗಿದು ದಿವಾಳಿ ಅರ್ಜಿ ಹಾಕಿದವು. ಅವುಗಳ ವಿಮಾನವೂ ಹಾರುತ್ತಿತ್ತು. ಬೀದರ್–ಕಲಬುರಗಿ ರೈಲು 2017ರಿಂದ ಇದೆ. ಸದ್ಯಕ್ಕೆ ಅದರ ಟೈಮ್ ನೋಡಿಕೊಳ್ಳಿ.

ನಂದು ಟ್ರ್ಯಾಕ್ಟರ್ ಟ್ರೇಲರ್ ಮಾಡುವ ಅಂಗಡಿ. ಹಂಗಾಮಿನಲ್ಲಿ ಆರು ಜನ ಸೇರಿ ಎರಡು ದಿನಕ್ಕೆ ಒಂದು ಇಳಿಸುತ್ತೇವೆ. ಈ ಏರ್ ಟ್ಯಾಕ್ಸಿಯವರ ಹತ್ತಿರ ಸಾವಿರಾರು ಕೋಟಿ ಇದೆ ಅಂತ ಓದುತ್ತೇವೆ. ಆದರೂ ವರ್ಷಗಟ್ಟಲೆ ಒಂದೆರಡನ್ನೇ ತೋರಿಸುತ್ತ ಕೂತಿದ್ದಾರಲ್ಲ, ಯಾಕೆ?
— ಫ್ಯಾಬ್ರಿಕೇಶನ್ ಅಂಗಡಿಯವರು, ಹುಮನಾಬಾದ್

ಸರ್ಕಾರದ ಒಪ್ಪಿಗೆ, ಬ್ಯಾಟರಿ, ಪೈಲಟ್ ಅಂತ ಕಾರಣ ಬೇಕಾದಷ್ಟಿವೆ. ನಾನು ಮೈ ಬಗ್ಗೆ ಮಾತ್ರ ಹೇಳುತ್ತೇನೆ, ಅದೇ ನನಗೆ ಗೊತ್ತಿರುವುದು.

ಅಣ್ಣಾರೇ, ನೀವು ತಗಡು ಕೊಂಡು ತರುತ್ತೀರಿ. ಅದರ ಗಟ್ಟಿತನ ಉಕ್ಕಿನ ಕಾರ್ಖಾನೆಯಲ್ಲೇ ತೀರ್ಮಾನವಾಗಿರುತ್ತದೆ. ನೀವು ಕತ್ತರಿಸಿ, ಬಗ್ಗಿಸಿ, ವೆಲ್ಡ್ ಮಾಡುತ್ತೀರಿ. ನಮ್ಮ ಶಾಪಿನಲ್ಲಿ ಭಾಗ ತಯಾರಾಗುವ ಹೊತ್ತಿಗೇ ವಸ್ತುವೂ ತಯಾರಾಗುತ್ತದೆ. ಕೊಂಡ ರೊಟ್ಟಿ ಮಡಚುವುದು ಬೇರೆ, ಹಿಟ್ಟು ನಾದಿ, ಬಡಿದು, ಬೇಯಿಸುವುದು ಬೇರೆ. ನಾದುವುದು ಕಮ್ಮಿಯಾದರೆ ರೊಟ್ಟಿ ಅಂಚಿನಲ್ಲಿ ಸೀಳುತ್ತದೆ. ಅದು ಕಣ್ಣಿಗೆ ಕಾಣುತ್ತದೆ. ಕಾಂಪೋಸಿಟ್‌ನಲ್ಲಿ ಕಾಣುವುದಿಲ್ಲ.

ಮೊದಲಿಗೆ ಫ್ರೀಜರ್. ರಾಳ ಹಿಡಿಸಿಟ್ಟ ಬಟ್ಟೆಗೆ ಪ್ರಿಪ್ರೆಗ್ ಅನ್ನುತ್ತಾರೆ. ಅದನ್ನು ಮೈನಸ್ 18 ಡಿಗ್ರಿಯಲ್ಲಿ ಇಡಬೇಕು. ಹೊರಗೆ ತೆಗೆದರೆ ಗಡಿಯಾರ ಶುರು. ರಾಳದ ಜಾತಿ ನೋಡಿ ಹತ್ತು ದಿನ, ಕೆಲವಕ್ಕೆ ಮೂವತ್ತು ದಿನ, ಅಷ್ಟೇ ಆಯುಸ್ಸು. ಪ್ರತಿ ರೋಲಿಗೂ ಒಂದು ಚೀಟಿ, ಎಷ್ಟು ಗಂಟೆ ಹೊರಗಿತ್ತು ಅಂತ. ತೆಗೆದ ಕೂಡಲೇ ಬಿಚ್ಚುವ ಹಾಗೂ ಇಲ್ಲ. ಫ್ರಿಜ್ಜಿನ ಬಾಟಲಿ ಬೆವರುತ್ತದಲ್ಲ, ಇದೂ ಬೆವರುತ್ತದೆ. ಆ ನೀರು ಪದರಗಳ ನಡುವೆ ಸೇರಿದರೆ ಒಲೆಯಲ್ಲಿ ಆವಿಯಾಗಿ ಗುಳ್ಳೆ ಬಿಡುತ್ತದೆ. ಚೀಲದ ಸಮೇತ ಗಂಟೆಗಟ್ಟಲೆ ಕಾಯಬೇಕು.

ಒಂದು ಮೇ ತಿಂಗಳ ಶನಿವಾರ ರಾತ್ರಿ ನಮ್ಮ ಫ್ರೀಜರಿನ ಕಂಪ್ರೆಸರ್ ನಿಂತುಹೋಯಿತು. ಅಲಾರಂ ಹೊಡೆದಿದೆ. ಯಾರೂ ಕೇಳಿಲ್ಲ. ಸೋಮವಾರ ಬೆಳಿಗ್ಗೆ ನಾನೇ ಬಾಗಿಲು ತೆಗೆದೆ, ಒಳಗಿನ ಮುಳ್ಳು ಪ್ಲಸ್ 9 ತೋರಿಸುತ್ತಿತ್ತು. ಬಟ್ಟೆ ನೋಡಲು ಹೊಸದರ ಹಾಗೇ ಇತ್ತು. ಒಂದೊಂದು ರೋಲಿನಿಂದಲೂ ತುಂಡು ಕತ್ತರಿಸಿ ಮತ್ತೆ ಪರೀಕ್ಷೆ ಮಾಡಿಸಬೇಕಾಯಿತು. ಅರ್ಧಕ್ಕೂ ಜಾಸ್ತಿ ಫೇಲ್. ಆ ತಿಂಗಳು ಶಾಪಿನಲ್ಲಿ ಒಬ್ಬರ ಮುಖ ಒಬ್ಬರು ನೋಡಲಿಲ್ಲ.

ಆಮೇಲೆ ಅಚ್ಚಿನ ಮೇಲೆ ಪದರ ಇಡುವ ಕೆಲಸ. ಒಂದು ಪದರ ಮಿಲಿಮೀಟರಿನ ಎಂಟನೇ ಒಂದು ಪಾಲು. ಮೂರು ಮಿಲಿಮೀಟರ್ ದಪ್ಪ ಬರಬೇಕೆಂದರೆ 24 ಪದರ. ನೂಲು ಓಡುವ ದಿಕ್ಕಿನಲ್ಲಿ ಮಾತ್ರ ಅದಕ್ಕೆ ಶಕ್ತಿ. ಹಾಗಾಗಿ ಒಂದು ಉದ್ದಕ್ಕೆ, ಒಂದು ಅಡ್ಡಕ್ಕೆ, ಒಂದು 45 ಡಿಗ್ರಿ ಓರೆಗೆ. ನಾಲ್ಕೈದು ಪದರಕ್ಕೊಮ್ಮೆ ಪ್ಲಾಸ್ಟಿಕ್ ಮುಚ್ಚಿ ಗಾಳಿ ಎಳೆದು ಒತ್ತಬೇಕು. ಕೋಣೆಯಲ್ಲಿ ಧೂಳು ಇರಬಾರದು. ಕೈಗೆ ಸಿಲಿಕೋನ್ ಇರುವ ಕ್ರೀಮ್ ಹಚ್ಚಿಕೊಂಡವರನ್ನು ಬಾಗಿಲಲ್ಲೇ ವಾಪಸ್ ಕಳಿಸುತ್ತಿದ್ದೆವು, ಅದು ತಾಗಿದ ಕಡೆ ಅಂಟು ಹಿಡಿಯುವುದಿಲ್ಲ. ಸೋಮವಾರ ಹಣೆ ತುಂಬ ವಿಭೂತಿ ಹಚ್ಚಿಕೊಂಡು ಬರುವವರು ಟೋಪಿಯನ್ನು ಹುಬ್ಬಿನ ತನಕ ಎಳೆದುಕೊಳ್ಳಬೇಕಿತ್ತು. ನಾನೂ ಅವರಲ್ಲಿ ಒಬ್ಬ.

ಪ್ರತಿ ಪದರದ ಹಿಂದೆ ಒಂದು ತೆಳು ಹಾಳೆ ಅಂಟಿರುತ್ತದೆ, ಕಿತ್ತು ಇಡಬೇಕು. ಒಂದು ಸಲ ರಾತ್ರಿ ಪಾಳಿಯಲ್ಲಿ ಆ ಹಾಳೆಯ ಚೂರು, ನಮ್ಮ ಎಂಟಾಣೆಯಷ್ಟು ಅಗಲದ್ದು, ಒಳಗೇ ಉಳಿಯಿತು. ಭಾಗ ಬೆಂದು ಹೊರಗೆ ಬಂದಾಗ ಕನ್ನಡಿಯ ಹಾಗಿತ್ತು. ಅಲ್ಟ್ರಾಸೌಂಡ್ ಪರೀಕ್ಷೆಯಲ್ಲಿ ಒಂದು ಮಚ್ಚೆ ಕಂಡಿತು. ಲಕ್ಷಗಟ್ಟಲೆ ಬೆಲೆಯದ್ದು ಗುಜರಿಗೆ ಹೋಯಿತು. ಆವತ್ತಿನಿಂದ ನಮ್ಮಲ್ಲಿ ಒಂದು ರೂಢಿ ಬಂತು. 24 ಪದರ ಇಟ್ಟರೆ ಕಿತ್ತ 24 ಹಾಳೆ ಎಣಿಸಿ ಒಪ್ಪಿಸಬೇಕು. 23 ಇದ್ದರೆ ಕೆಲಸ ನಿಂತಿತು.

ಕೊನೆಗೆ ಆಟೋಕ್ಲೇವ್. ದೊಡ್ಡ ಪ್ರೆಶರ್ ಕುಕ್ಕರ್ ಅಂದುಕೊಳ್ಳಿ, ಒಳಗೆ ಲಾರಿ ನಿಲ್ಲಿಸಬಹುದು. ಬೆಂಕಿ ಹತ್ತಬಾರದು ಅಂತ ಗಾಳಿಯ ಬದಲು ನೈಟ್ರೋಜನ್ ತುಂಬುತ್ತಾರೆ. 180 ಡಿಗ್ರಿ ಬಿಸಿ, 7 ಬಾರ್ ಒತ್ತಡ. ಅಂದರೆ ಒಂದು ಚದರ ಮೀಟರಿನ ಮೇಲೆ 70 ಟನ್. ನಿಮ್ಮ ಟ್ರೇಲರುಗಳಿಗೆ ಕಬ್ಬು ತುಂಬಿ ಏಳೆಂಟನ್ನು ಒಂದರ ಮೇಲೊಂದು ಪೇರಿಸಿದ ಹಾಗೆ. ಬಿಸಿ ಏರಿಸುವುದು ನಿಮಿಷಕ್ಕೆ ಒಂದೆರಡು ಡಿಗ್ರಿ. ಅವಸರ ಮಾಡಿದರೆ ದಪ್ಪ ಜಾಗದಲ್ಲಿ ರಾಳ ತನ್ನ ಬಿಸಿಗೆ ತಾನೇ ಕಾದು ಹಾಳಾಗುತ್ತದೆ. ಏರಿ, ನಿಂತು, ಇಳಿಯುವಷ್ಟರಲ್ಲಿ ಏಳೆಂಟು ಗಂಟೆ. ಇಷ್ಟಾದ ಮೇಲೆ ಅಂಚು ಕತ್ತರಿಸುವುದು, ತೂತು ಕೊರೆಯುವುದು, ಅಲ್ಟ್ರಾಸೌಂಡ್.

ಈಗ ಲೆಕ್ಕ ಹಾಕೋಣ. ಅಮೆರಿಕದ ಆರ್ಚರ್ ಕಂಪನಿ ಜಾರ್ಜಿಯಾದ ಕೋವಿಂಗ್ಟನ್‌ನಲ್ಲಿ ವರ್ಷಕ್ಕೆ 650 ಏರ್ ಟ್ಯಾಕ್ಸಿ ಮಾಡುವಂಥ ಕಾರ್ಖಾನೆ ಅಂತ ಹೇಳಿಕೊಂಡಿದೆ. ಬೋಯಿಂಗಿನಂಥ ಬೋಯಿಂಗ್ 2019ರಲ್ಲಿ 787 ವಿಮಾನಗಳನ್ನು ತಿಂಗಳಿಗೆ 14ರಂತೆ ಹೊರಗೆ ಬಿಡುತ್ತಿತ್ತು, ವರ್ಷಕ್ಕೆ 168. ಅದರ ಗಾತ್ರ ಬೇರೆ, ಒಪ್ಪುತ್ತೇನೆ. ಆದರೂ 650 ಅನ್ನುವುದು ಈ ಕಸುಬಿನವರ ಕಿವಿಗೆ ಬಹಳ ದೊಡ್ಡ ಸಂಖ್ಯೆ. ವರ್ಷಕ್ಕೆ 300 ಕೆಲಸದ ದಿನ ಅಂದರೆ ದಿನಕ್ಕೆ ಎರಡು ವಿಮಾನಕ್ಕಿಂತ ಜಾಸ್ತಿ. ಒಂದಕ್ಕೆ ನೂರು ಕಾಂಪೋಸಿಟ್ ಭಾಗ ಅಂತ ಸುಮ್ನೆ ಲೆಕ್ಕಕ್ಕೆ ಹಿಡಿಯಿರಿ. ದಿನಕ್ಕೆ ಇನ್ನೂರು ಭಾಗ ದಾಟಿತು. ಪದರ ಇಡಲು ಎರಡು ದಿನ, ಬೇಯಿಸಿ ಬಿಡಿಸಲು ಒಂದು ದಿನ ಅಂದರೆ ಒಂದು ಅಚ್ಚು ಮೂರು ದಿನ ಸಿಕ್ಕಿಹಾಕಿಕೊಳ್ಳುತ್ತದೆ. ದಿನಕ್ಕೆ ಎರಡರ ಮೇಲೆ ಅಂದರೆ ಮೂರು ದಿನಕ್ಕೆ ಆರೂವರೆ, ಹಾಗಾಗಿ ಒಂದೇ ಆಕಾರಕ್ಕೆ ಏಳು ಅಚ್ಚು ಬೇಕು. ನೂರು ಆಕಾರಕ್ಕೆ ಏಳುನೂರು. ಈ ಅಚ್ಚುಗಳೂ ಅಗ್ಗದವಲ್ಲ. ಕಾರ್ಬನ್ ಬಿಸಿಯಲ್ಲಿ ಹಿಗ್ಗುವುದೇ ಇಲ್ಲ ಅನ್ನಬಹುದು, ಅಲ್ಯೂಮಿನಿಯಂ ಅಚ್ಚು ಹಿಗ್ಗಿಬಿಡುತ್ತದೆ. ಆದ್ದರಿಂದ ನಿಖರವಾಗಿ ಬರಬೇಕಾದ ಭಾಗಕ್ಕೆ ನೂರಕ್ಕೆ 36 ಭಾಗ ನಿಕ್ಕಲ್ ಸೇರಿದ ಇನ್ವಾರ್ ಎಂಬ ಲೋಹದ ಅಚ್ಚು. ಅದನ್ನು ಎತ್ತಲು ಕ್ರೇನ್, ಕೊಳ್ಳಲು ಸಾಲ.

ಇದರಿಂದ ತಪ್ಪಿಸಿಕೊಳ್ಳಲು ದಾರಿಗಳಿವೆ. ಒಂದು, ರೋಬೋ ಕೈ ಸಣ್ಣ ಸಣ್ಣ ಪಟ್ಟಿಗಳನ್ನು ಬಿಸಿ ಮಾಡುತ್ತ ಇಡುತ್ತ ಹೋಗುವುದು. ರೆಕ್ಕೆಯಂಥ ಅಗಲ, ಸಪಾಟು ಭಾಗಕ್ಕೆ ಅದು ಅದ್ಭುತ. ಮೂಲೆ ಮುರುಕು ಇರುವ ಸಣ್ಣ ಭಾಗಕ್ಕೆ ಸೋಲುತ್ತದೆ. ಇನ್ನೊಂದು, ರಾಳವನ್ನೇ ಬದಲಾಯಿಸುವುದು. ಎಪಾಕ್ಸಿ ರೊಟ್ಟಿಯ ಜಾತಿ, ಬೆಂದ ಮೇಲೆ ಮತ್ತೆ ಹಿಟ್ಟಾಗುವುದಿಲ್ಲ. ಥರ್ಮೋಪ್ಲಾಸ್ಟಿಕ್ ಬೆಲ್ಲದ ಜಾತಿ, ಕಾಯಿಸಿದರೆ ಮತ್ತೆ ಕರಗುತ್ತದೆ. ಇದಕ್ಕೆ ಫ್ರೀಜರ್ ಬೇಡ. ಹಲಗೆಯನ್ನು ಕಾಯಿಸಿ ಪ್ರೆಸ್ಸಿನಲ್ಲಿ ಒತ್ತಿದರೆ ನಿಮಿಷಗಳಲ್ಲಿ ಭಾಗ ಹೊರಗೆ. ಒಂದನ್ನೊಂದು ವೆಲ್ಡ್ ಕೂಡ ಮಾಡಬಹುದು, ನಿಮಗೆ ಖುಷಿ ಆಗಬೇಕು. ಏರ್‌ಬಸ್ ಎ380ರ ರೆಕ್ಕೆಯ ಮುಂಚೂಣಿ ಅಂಚನ್ನು ಗಾಜಿನ ನೂಲು ಸೇರಿಸಿ ಹೀಗೇ ಮಾಡಿದ್ದಾರೆ. ಆದರೆ ಕೆಲವು ಜಾತಿಗೆ 380 ಡಿಗ್ರಿಯ ಹತ್ತಿರ ಬಿಸಿ ಬೇಕು. ವಸ್ತುವೂ ದುಬಾರಿ.

ಕಾರಿನವರು ಇದನ್ನು ಮಾಡಿ ತೋರಿಸಿದ್ದೂ ಇದೆ. ಬಿಎಂಡಬ್ಲ್ಯೂ 2013ರಿಂದ 2022ರ ತನಕ ಐ3 ಅನ್ನುವ ಕರೆಂಟ್ ಕಾರು ಮಾಡಿತು. ಅದರ ಒಳಗೂಡು ಕಾರ್ಬನ್ನಿನದು, ಒಟ್ಟು ಸುಮಾರು ಎರಡೂವರೆ ಲಕ್ಷ ಕಾರು. ಒಣ ಬಟ್ಟೆಯನ್ನು ಅಚ್ಚಿನಲ್ಲಿಟ್ಟು ಮುಚ್ಚಿ, ರಾಳವನ್ನು ಒತ್ತಡದಲ್ಲಿ ನುಗ್ಗಿಸುವ ವಿಧಾನ. ನೂಲು ಸುಡಲು ಬೇಕಾದ ಅಪಾರ ಕರೆಂಟಿಗಾಗಿ ಅಮೆರಿಕದ ಜಲವಿದ್ಯುತ್ ಸಿಗುವ ಮೋಸಸ್ ಲೇಕ್‌ನಲ್ಲಿ ಕಾರ್ಖಾನೆ ಹಾಕಿದ್ದರು. ಆಮೇಲಿನ ಕಾರುಗಳಲ್ಲಿ ಅವರೇ ಅಷ್ಟು ಕಾರ್ಬನ್ ಹಾಕಲಿಲ್ಲ. ದುಡ್ಡಿನ ಮಾತು.

ಏರ್ ಟ್ಯಾಕ್ಸಿಯವರು ನಿಂತಿರುವುದು ಸರಿಯಾಗಿ ಈ ಎರಡರ ನಡುವೆ. ವಿಮಾನದವರ ಹಾಗೆ ಮಾಡಿದರೆ ಸಂಖ್ಯೆ ಬರುವುದಿಲ್ಲ. ಕಾರಿನವರ ಹಾಗೆ ಮಾಡಿದರೆ ವಿಮಾನದ ಇಲಾಖೆ ಪ್ರತಿ ಭಾಗದ ಜಾತಕ ಕೇಳುತ್ತದೆ. ಜೋಬಿಗೆ ಕಾರ್ಬನ್ ಕೊಡುವುದು ಜಪಾನಿನ ತೋರೆ ಕಂಪನಿ. 2020ರಲ್ಲಿ ಟೊಯೊಟಾ ಅದರಲ್ಲಿ ದೊಡ್ಡ ದುಡ್ಡು ಹಾಕಿತು, ತನ್ನ ಎಂಜಿನಿಯರುಗಳನ್ನೂ ಕಳಿಸಿತು. ಪತ್ರಿಕೆಗಳು ದುಡ್ಡಿನ ಬಗ್ಗೆ ಬರೆದವು. ನನ್ನ ಕಣ್ಣಿಗೆ ಆ ಜನ ಬಂದಿದ್ದೇ ದೊಡ್ಡದು. ಮೊದಲನೇ ಭಾಗವನ್ನು ಯಾವ ಒಳ್ಳೆಯ ಕೆಲಸಗಾರನಾದರೂ ಮಾಡುತ್ತಾನೆ. ಸಾವಿರದ ಒಂದನೆಯದು ಅದೇ ತರ ಬರಬೇಕು, ಮಂಗಳವಾರ ರಾತ್ರಿ ಪಾಳಿಯಲ್ಲೂ, ಹೊಸ ಹುಡುಗನ ಕೈಯಲ್ಲೂ. ಟೊಯೊಟಾದವರಿಗೆ ಬರುವುದು ಅದೇ ವಿದ್ಯೆ.

ನಮ್ಮ ಕಡೆ ಮುಂಗಾರಿನ ಸಿಡಿಲು ಜೋರು. ಈ ಕಪ್ಪು ಬಟ್ಟೆಯ ವಿಮಾನಕ್ಕೆ ಸಿಡಿಲು ಬಡಿದರೆ?
— ಶಿಕ್ಷಕಿ, ಆಳಂದ

ಅಲ್ಯೂಮಿನಿಯಂ ಮೈಯಲ್ಲಿ ಸಿಡಿಲಿನ ಕರೆಂಟ್ ಸಲೀಸಾಗಿ ಹರಿದುಹೋಗುತ್ತದೆ. ಕಾರ್ಬನ್ನಿನಲ್ಲಿ ಅಷ್ಟು ಸಲೀಸಲ್ಲ, ರಾಳದಲ್ಲಿ ಹರಿಯುವುದೇ ಇಲ್ಲ. ಹಾಗೇ ಬಿಟ್ಟರೆ ಬಡಿದ ಜಾಗ ಸುಟ್ಟು ಪದರ ಬಿಚ್ಚಿಕೊಳ್ಳುತ್ತದೆ. ಅದಕ್ಕೇ ಮೇಲಿನ ಪದರದಲ್ಲಿ ಸೊಳ್ಳೆ ಪರದೆಯಂಥ ತೆಳು ತಾಮ್ರದ ಬಲೆ ಕೂರಿಸುತ್ತಾರೆ. ಒಂದು ಉಪಕಥೆ ಹೇಳಿಬಿಡುತ್ತೇನೆ ಟೀಚರ್, ಮಕ್ಕಳಿಗೆ ಉಪಯೋಗ ಆದೀತು. ಕಾರ್ಬನ್ ಮತ್ತು ಅಲ್ಯೂಮಿನಿಯಂ ಒಂದಕ್ಕೊಂದು ತಾಗಿ, ನಡುವೆ ತೇವ ಸೇರಿದರೆ ಸಣ್ಣ ಬ್ಯಾಟರಿಯೇ ಆಗಿ ಅಲ್ಯೂಮಿನಿಯಂ ತಿಂದುಹೋಗುತ್ತದೆ. ಆದ್ದರಿಂದ ನಡುವೆ ಗಾಜಿನ ನೂಲಿನ ಪದರ ಹಾಕುತ್ತಾರೆ, ಬೋಲ್ಟುಗಳನ್ನು ಟೈಟಾನಿಯಂನಲ್ಲಿ ಮಾಡುತ್ತಾರೆ.

ದಾಲ್ ಮಿಲ್ ಮಗನಿಗೆ ಬಿಟ್ಟುಕೊಟ್ಟಿದ್ದೇನೆ. ಊರ ಹೊರಗೆ ಎರಡು ಎಕರೆ ಇದೆ. ಕಲಬುರಗಿಯ ಬಿಸಿಲಿನಲ್ಲಿ ಇಂಥ ಕಾರ್ಖಾನೆ ನಡೆಯುತ್ತದಾ?
— ವ್ಯಾಪಾರಿ, ಕಲಬುರಗಿ

ಸಾವ್ಕಾರ್ರೇ, ಬಿಸಿಲಿಗೆ ಹೆದರಬೇಡಿ. ಹೊರಗೆ 43 ಡಿಗ್ರಿ ಇದ್ದರೂ ಪದರ ಇಡುವ ಕೋಣೆ ಎಲ್ಲಾ ಊರಲ್ಲೂ ಏಸಿಯಲ್ಲೇ ಇರಬೇಕು. ಒಣ ಹವೆ ಒಂದು ರೀತಿಯಲ್ಲಿ ಒಳ್ಳೆಯದೇ, ಮಂಗಳೂರಿನ ತೇವಕ್ಕಿಂತ ವಾಸಿ. ಕರೆಂಟು ಹೋಗಬಾರದು, ಆಟೋಕ್ಲೇವ್ ನಡುವೆ ನಿಂತರೆ ಒಳಗಿದ್ದದ್ದು ಹೋಯಿತು. ಅದಕ್ಕೆ ಜನರೇಟರ್ ಇದೆ.

ನಿಮ್ಮನ್ನು ಹಣ್ಣು ಮಾಡುವುದು ಕಾಗದ. ಯಾವ ನೂಲು, ಯಾವ ರಾಳ, ಯಾವ ಒಲೆ, ಎಷ್ಟು ಬಿಸಿ ಅಂತ ಒಮ್ಮೆ ನಿಗದಿ ಮಾಡಿ, ನೂರಾರು ತುಂಡುಗಳನ್ನು ಎಳೆದು, ಬಗ್ಗಿಸಿ, ನೆನೆಸಿ, ಕಾಯಿಸಿ ಮುರಿದು ತೋರಿಸಬೇಕು. ಆಮೇಲೆ ಒಲೆ ಬದಲಾಯಿಸಿದರೂ ಮತ್ತೆ ತೋರಿಸಬೇಕು. ದಾಲ್ ಮಿಲ್ಲಿನಲ್ಲಿ ಈ ಸಲದ ತೊಗರಿ ಸಣ್ಣದಿದ್ದರೆ ಜಾಲರಿ ಬದಲಾಯಿಸುತ್ತೀರಿ. ಇಲ್ಲಿ ಜಾಲರಿ ಮುಟ್ಟಿದರೆ ಪತ್ರ ಬರೆಯಬೇಕು. ಎಎಸ್9100 ಅನ್ನುವ ಗುಣಮಟ್ಟದ ಪ್ರಮಾಣಪತ್ರ ಬೇಕು, ಬೇಯಿಸುವ ಕೆಲಸಕ್ಕೆ ನ್ಯಾಡ್‌ಕ್ಯಾಪ್ ಅನ್ನುವುದು ಬೇರೆ. ಮೊದಲ ರೂಪಾಯಿ ಕೈಗೆ ಬರುವ ಮುಂಚೆ ವರ್ಷಗಳು ಹೋಗುತ್ತವೆ. ಬೇಳೆ ವ್ಯಾಪಾರದಲ್ಲಿ ಅಷ್ಟು ದಿನ ದುಡ್ಡು ಮಲಗಿಸಿ ನಿಮಗೆ ಅಭ್ಯಾಸ ಇರಲಿಕ್ಕಿಲ್ಲ.

ನನ್ನನ್ನು ಕೇಳಿದರೆ ವಿಮಾನದಿಂದ ಶುರು ಮಾಡಬೇಡಿ. ತೊಗರಿ ಹೊಲಕ್ಕೆ ಔಷಧ ಹೊಡೆಯುವ ಡ್ರೋನ್ ಈಗ ನಮ್ಮ ಕಡೆಯೂ ಬಂದಿದೆ. ಅದರ ತೋಳು, ಚೌಕಟ್ಟು ಕಾರ್ಬನ್ನಿನವು, ಬಿದ್ದರೆ ಮುರಿಯುತ್ತವೆ, ಮತ್ತೆ ಮತ್ತೆ ಬೇಕಾಗುತ್ತವೆ. ಅಲ್ಲಿ ಕೈ ಪಳಗಲಿ. ಅಚ್ಚು ಮಾಡುವುದು, ಅಂಚು ಕತ್ತರಿಸುವಾಗ ಭಾಗವನ್ನು ಹಿಡಿದಿಡುವ ಜಿಗ್ ಮಾಡುವುದು ಇನ್ನೊಂದು ದಾರಿ. ಇದಕ್ಕೆ ಫ್ರೀಜರ್ ಬೇಡ, ಒಳ್ಳೆಯ ಮಶಿನ್ ಶಾಪ್ ಸಾಕು. ಬೆಂಗಳೂರಿನಲ್ಲಿ ಸರಳಾ ಏವಿಯೇಷನ್, ಮದ್ರಾಸ್ ಐಐಟಿಯಿಂದ ಹೊರಟ ಈಪ್ಲೇನ್ ಕಂಪನಿ, ಇವರೆಲ್ಲ ಏರ್ ಟ್ಯಾಕ್ಸಿ ಕಟ್ಟುತ್ತಿದ್ದಾರೆ. ಅವರಿಗೆ ಸಂಖ್ಯೆ ಬೇಕಾದ ದಿನ ಮೊದಲು ಬೇಕಾಗುವುದು ಅಚ್ಚು. ಏಳುನೂರರ ಲೆಕ್ಕ ಮೇಲೆ ಹೇಳಿದೆನಲ್ಲ.

ಐಟಿಐ ಫಿಟ್ಟರ್ ಓದುತ್ತಿದ್ದೇನೆ. ಕಾಂಪೋಸಿಟ್ ಕೆಲಸ ಕಲಿಯಲೇ? ನಾನು ಕಲಿಯುವ ಹೊತ್ತಿಗೆ ರೋಬೋ ಬಂದಿರುತ್ತದೆ ಅಂತ ಗೆಳೆಯರು ನಗುತ್ತಾರೆ.
— ವಿದ್ಯಾರ್ಥಿ, ಶಹಾಪುರ, ಯಾದಗಿರಿ ಜಿಲ್ಲೆ

ಕಲಿ ತಮ್ಮಾ. ರೋಬೋ ಪಟ್ಟಿ ಇಡುತ್ತದೆ. ಅದರ ಮೇಲೆ ಚೀಲ ಕಟ್ಟಿ, ಅಂಚಿಗೆ ಅಂಟುಪಟ್ಟಿ ಒತ್ತಿ, ಎಲ್ಲಿ ಗಾಳಿ ಸೋರುತ್ತಿದೆ ಅಂತ ಕಿವಿಯಿಟ್ಟು ಹುಡುಕುವವನು ಈಗಲೂ ಮನುಷ್ಯನೇ. ಹಾಳಾದದ್ದನ್ನು ಪದರ ಪದರವಾಗಿ ಉಜ್ಜಿ ತೆಗೆದು ತೇಪೆ ಹಾಕುವವನೂ ಮನುಷ್ಯನೇ. ಡ್ರಾಯಿಂಗ್ ಓದಲು ಕಲಿ. ಉಜ್ಜುವಾಗ ಮಾಸ್ಕ್ ಬಿಡಬೇಡ. ರಾಳ ಬರಿಗೈಯಲ್ಲಿ ಮುಟ್ಟಬೇಡ, ಒಮ್ಮೆ ಮೈಗೆ ಒಗ್ಗದೆ ತುರಿಕೆ ಶುರುವಾದರೆ ಆ ಕೆಲಸವೇ ಬಿಡಬೇಕಾಗುತ್ತದೆ. ನನ್ನ ಜೊತೆಯವನೊಬ್ಬ ಹಾಗೇ ಸ್ಟೋರಿಗೆ ಹೋದ.

ಇನ್ನೊಂದು ಇದೆ, ಅದನ್ನು ಐಟಿಐಯಲ್ಲಿ ಹೇಳಿಕೊಡುವುದಿಲ್ಲ. ಕೆಲಸಕ್ಕೆ ಸೇರಿದ ಮೂರನೇ ವರ್ಷ ನಾನು ಒಂದು ಪದರವನ್ನು ಉಲ್ಟಾ ಓರೆ ಇಟ್ಟೆ. ಪ್ಲಸ್ 45 ಇರಬೇಕಾದಲ್ಲಿ ಮೈನಸ್ 45. ಅದರ ಮೇಲೆ ಇನ್ನೂ ಒಂಬತ್ತು ಪದರ ಇಟ್ಟಾಗಿತ್ತು. ಮನೆಗೆ ಹೋಗಿ ಊಟಕ್ಕೆ ಕೂತಾಗ ನೆನಪಾಯಿತು. ಯಾರಿಗೂ ಗೊತ್ತಾಗುತ್ತಿರಲಿಲ್ಲ. ಬೆಂದ ಮೇಲೆ ಹಪ್ಪಳದ ಹಾಗೆ ಸ್ವಲ್ಪ ತಿರುಚಿಕೊಳ್ಳುತ್ತಿತ್ತು ಅಷ್ಟೇ, ಅಚ್ಚಿನ ಮೇಲೆ ತಪ್ಪು ಹಾಕಬಹುದಿತ್ತು. ರಾತ್ರಿ ಹತ್ತಕ್ಕೆ ಸೈಕಲ್ ಹತ್ತಿ ವಾಪಸ್ ಹೋದೆ. ಸೂಪರ್‌ವೈಸರ್ ಬಾಯಿಗೆ ಬಂದ ಹಾಗೆ ಬೈದರು. ಎರಡು ದಿನದ ಕೆಲಸ ಕಿತ್ತು ಎಸೆದೆವು. ಆದರೆ ಅದಾದ ಮೇಲೆ ನನ್ನ ಚೀಟಿಯನ್ನು ಅವರು ಎರಡನೇ ಸಲ ನೋಡುತ್ತಿರಲಿಲ್ಲ.

ನೀವು ವಿಮಾನ ಕೌದಿ ಇದ್ದಂಗ ಅಂದ್ರಿ. ನಾವು ಹಳೆ ಸೀರಿ ಪದರ ಪದರ ಇಟ್ಟು ಹೊಲಿತೀವಿ. ಹೊಲಿಗೆ ಇಲ್ಲಾಂದ್ರ ಅದು ಕೌದಿ ಅಲ್ರಿ, ಬಟ್ಟಿ ಗಂಟು. ನಿಮ್ಮ ವಿಮಾನಕ್ಕ ಹೊಲಿಗೆ ಎಲ್ಲದ?
— ಕೌದಿ ಹೊಲಿಯುವವರು, ಬಸವಕಲ್ಯಾಣ. ಮೊಮ್ಮಗಳು ಬರೆದುಕೊಟ್ಟದ್ದು

ಅಕ್ಕಾ, 31 ವರ್ಷದಲ್ಲಿ ನನ್ನನ್ನು ಹೀಗೆ ಹಿಡಿದವರು ಕಮ್ಮಿ. ಹೊಲಿಗೆ ಇಲ್ಲ. ಪದರಗಳನ್ನು ಹಿಡಿದಿರುವುದು ಬರೀ ರಾಳ. ಉದ್ದಕ್ಕೂ ಅಡ್ಡಕ್ಕೂ ನೂಲಿದೆ, ಮೇಲಿನಿಂದ ಕೆಳಕ್ಕೆ ಒಂದು ಎಳೆಯೂ ಇಲ್ಲ. ಇಡೀ ಕಸುಬಿನ ದುರ್ಬಲ ಜಾಗ ಅದೇ. ಒಂದು ಸ್ಪ್ಯಾನರ್ ಕೈಜಾರಿ ರೆಕ್ಕೆ ಮೇಲೆ ಬಿದ್ದರೆ ಮೇಲೆ ಗೀರೂ ಕಾಣುವುದಿಲ್ಲ, ಒಳಗೆ ಪದರ ಬಿಟ್ಟುಕೊಂಡಿರುತ್ತದೆ. ನೀವು ಸಂತೆಯಲ್ಲಿ ಗಡಿಗೆ ಬಡಿದು ನೋಡಿ ಕೊಳ್ಳುತ್ತೀರಲ್ಲ, ನಾವೂ ನಾಣ್ಯದಿಂದ ಬಡಿದು ಕೇಳುತ್ತೇವೆ. ಟಣ್ ಅಂದರೆ ಸರಿ, ಡಬ್ ಅಂದರೆ ಒಳಗೆ ಬಿಟ್ಟಿದೆ. ದೊಡ್ಡ ಯಂತ್ರ ಬಂದ ಮೇಲೂ ಆ ನಾಣ್ಯ ಜೇಬಿನಲ್ಲಿ ಇದ್ದೇ ಇರುತ್ತಿತ್ತು.

ನೀವು ಕೇಳಿದ್ದನ್ನು ಅಮೆರಿಕದ ನಾಸಾ ಮತ್ತು ಬೋಯಿಂಗ್ ಸೇರಿ ಮಾಡಿ ನೋಡಿದ್ದಾರೆ. ರಾಳ ಹಚ್ಚದ ಒಣ ಕಾರ್ಬನ್ ಬಟ್ಟೆಯನ್ನು ಪದರ ಪದರ ಇಟ್ಟು, ಗಟ್ಟಿ ದಾರದಿಂದ ಯಂತ್ರದಲ್ಲಿ ಹೊಲಿದು, ಆಮೇಲೆ ರಾಳ ಹೀರಿಸಿದರು. ಬಿರುಕು ಬಿಟ್ಟರೂ ಹೊಲಿಗೆಯ ಸಾಲಿಗೆ ಬಂದು ನಿಂತಿತು. ಅದರಲ್ಲಿ ನನಗೆ ಹಿಡಿಸಿದ್ದು ಇನ್ನೊಂದು. ಹೊಲಿದ ಬಟ್ಟೆ ತನ್ನ ಆಕಾರ ತಾನೇ ಹಿಡಿದಿರುತ್ತದೆ. ಅದಕ್ಕೆ ಆ 70 ಟನ್ನಿನ ಕುಕ್ಕರ್ ಬೇಕಾಗಲಿಲ್ಲ, ಗಾಳಿ ಎಳೆದು ಸಾದಾ ಒಲೆಯಲ್ಲಿ ಬೇಯಿಸಿದರು. ಹುಮನಾಬಾದಿನವರಿಗೆ ನಾನು ಹೇಳಿದ ಕಷ್ಟದಲ್ಲಿ ಒಂದು ದೊಡ್ಡ ಪಾಲು ನಿಮ್ಮ ಹೊಲಿಗೆಯಿಂದ ಕಮ್ಮಿ ಆಗಬಹುದು. ತೊಂದರೆ ಇಲ್ಲ ಅಂತಲ್ಲ. ಸೂಜಿ ಹೋದ ಕಡೆ ನೂಲು ಪಕ್ಕಕ್ಕೆ ಸರಿಯುತ್ತದೆ, ಅಲ್ಲಿ ಸ್ವಲ್ಪ ಬಲ ಕಮ್ಮಿ. ಹತ್ತಿರ ಹತ್ತಿರ ಹೊಲಿದರೆ ಬಟ್ಟೆ ಸೋಲುತ್ತದೆ, ದೂರ ದೂರ ಹೊಲಿದರೆ ಪದರ ಬಿಡುತ್ತದೆ.

ಇದನ್ನು ಬರೆಯುವ ಮೊದಲು ಒಳಗೆ ಹೋಗಿ ನಮ್ಮವ್ವ ಹೊಲಿದ ಕೌದಿ ತೆಗೆದು ಸ್ಕೇಲ್ ಇಟ್ಟು ನೋಡಿದೆ. ನಡುವಿನಲ್ಲಿ ಸಾಲಿನಿಂದ ಸಾಲಿಗೆ ಎರಡು ಬೆರಳು, ಅಂಚಿನ ಹತ್ತಿರ ಬಂದಾಗ ಒಂದೇ ಬೆರಳು. ಅಂಚಿಗೆ ಯಾಕೆ ಒತ್ತಾಗಿ ಹಾಕುತ್ತೀರಿ, ಮೊದಲು ಅಂಚು ಹೊಲಿದು ಒಳಗೆ ಬರುತ್ತೀರಾ ಅಥವಾ ನಡುವಿನಿಂದ ಹೊರಗಾ? ಮೊಮ್ಮಗಳ ಕೈಯಲ್ಲಿ ಬರೆಸಿ ಕಳಿಸಿ. ಮುಂದಿನ ತಿಂಗಳು ಪ್ರಶ್ನೆ ನನ್ನದು.